ಅಟ್ಟೂರಿನ ಲಕ್ಕಣ್ಣನವರು ಮೊರಾಕ್ಕೋದಲ್ಲಿ ಸಿಕ್ಕಿದ್ದು

ನಮ್ಮ ರಸ್ತೆಯ ಮುನಿಕೃಷ್ಣಪ್ಪನವರು ಪಕ್ಷಿ ವೀಕ್ಷಕರಾದದ್ದು ಕಸದ ದೆಸೆಯಿಂದ. ಅಟ್ಟೂರಿನಲ್ಲಿ ಅವರ ಮನೆಯ ಪಕ್ಕದಲ್ಲೇ ಅವರದೊಂದು ಖಾಲಿ ಸೈಟಿದೆ. ಖಾಲಿ ಸೈಟು ಕಂಡರೆ ಬೆಂಗಳೂರಿನ ಮನುಷ್ಯನಿಗೆ ಕೈಯಲ್ಲಿರುವ ಚೀಲ ಎಸೆಯದೆ ಮುಂದೆ ಹೋಗಲು ಕಾಲೇ ಬರುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಸ್ಕೂಟರಿನಲ್ಲಿ ಬಂದು ಕಸದ ಚೀಲ ಬೀಸಿ ಒಗೆದು ಹೋಗುವವರನ್ನು ಹಿಡಿಯಲೆಂದು ಮುನಿಕೃಷ್ಣಪ್ಪನವರು ಒಂದು ದುರ್ಬೀನು ಕೊಂಡರು. ದಿನಾ ಬೆಳಿಗ್ಗೆ ಬನಿಯನ್ನು, ಪಂಚೆಯಲ್ಲಿ ಟೆರೇಸಿನ ಮೇಲೆ ನಿಂತು ಕಾವಲು ಕಾಯುವುದು ಅವರ ಕೆಲಸವಾಯಿತು.

ಇದು ಹೇಳಿಕೊಳ್ಳುವ ಕಾರಣ. ಹೇಳಿಕೊಳ್ಳದ ಕಾರಣ ಇನ್ನೊಂದಿತ್ತು. ದುರ್ಬೀನು ಸ್ವಲ್ಪ ಹೊತ್ತು ಸೈಟಿನ ಮೇಲಿದ್ದು, ಆಮೇಲೆ ತಾನಾಗಿಯೇ ಎಂಬಂತೆ ಮೇಲಕ್ಕೆದ್ದು, ಹಿಂದಿನ ಲೇಔಟಿನ ಹಸಿರು ಬಣ್ಣದ ಮನೆಯ ಟೆರೇಸಿನ ಮೇಲೆ ನಿಲ್ಲುತ್ತಿತ್ತು. ಅಲ್ಲಿ ಅವರ ತಂಗಿ ಅಂಜಿನಮ್ಮ ಬಟ್ಟೆ ಒಣಗಲು ಹಾಕಲು ಬರುತ್ತಿದ್ದಳು. ಅವಳು ಬಂದು, ಸೀರೆ ಕೊಡವಿ, ಹಗ್ಗದ ಮೇಲೆ ಹಾಕಿ, ಕೆಳಗಿಳಿದು ಹೋದ ಮೇಲೆಯೇ ಮುನಿಕೃಷ್ಣಪ್ಪನವರು ಕಾಫಿಗೆ ಇಳಿಯುತ್ತಿದ್ದರು. ಈ ಕಾರಣ ನಮ್ಮ ರಸ್ತೆಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲವೆಂದು ಅವರೊಬ್ಬರೇ ತಿಳಿದಿದ್ದರು. ಎದುರು ಮನೆಯವನಾದ ನಾನು ಬೆಳಿಗ್ಗೆ ಬೇರೆ ಕಡೆ ನೋಡುವುದನ್ನು ರೂಢಿಸಿಕೊಂಡಿದ್ದೆ.

ಅಣ್ಣ ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಅದಕ್ಕೆ ಕಾರಣ ಅವರ ತಂದೆ ಲಕ್ಕಣ್ಣನವರು, ಒಂದು ಹುಣಸೆಮರ, ಮತ್ತು ಬಾರದೇ ಹೋದ ಒಂದು ಕಾಗೆ.

ಲಕ್ಕಣ್ಣನವರನ್ನು ನಾನು ಚೆನ್ನಾಗಿ ನೋಡಿದ್ದೇನೆ. ಮುಂದೆಲ್ಲ ನುಣ್ಣನೆ ಬೋಳು, ಹಿಂದೆ ಕತ್ತಿನ ಮೇಲೆ ಮಾತ್ರ ಕೆದರಿ ನಿಂತ ಕೂದಲು, ಕೆಳಕ್ಕೆ ಬಾಗಿದ ಉದ್ದನೆಯ ಮೂಗು. ಮನೆಯ ಹಿಂದಿನ ಹುಣಸೆಮರದ ಕೆಳಗೆ ಕಲ್ಲಿನ ಮೇಲೆ ಕೂತು ಬೀಡಿ ಸೇದುವುದು ಅವರ ದಿನಚರಿ. ಏನು ಕೇಳಿದರೂ "ಹ್ಞೂಂ" ಎನ್ನುವುದು ಅವರ ಮಾತು. ಊಟ ಆಯ್ತಾ ಎಂದರೂ ಹ್ಞೂಂ, ಮಳೆ ಬರುತ್ತಾ ಎಂದರೂ ಹ್ಞೂಂ, ಇಂಥವರು ತೀರಿಕೊಂಡರಂತೆ ಎಂದರೂ ಹ್ಞೂಂ. ಕಾರು ಶೆಡ್ಡಿಗೆ ಜಾಗ ಸಾಲದು, ಮರ ಕಡೀಲಾ ಎಂದು ಮಗ ಕೇಳಿದಾಗಲೂ ಅವರು ಹ್ಞೂಂ ಎಂದರು. ಆ ಹ್ಞೂಂ ಒಪ್ಪಿಗೆಯೋ, ಬೀಡಿಯ ಹೊಗೆ ಬಿಟ್ಟ ಶಬ್ದವೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಮರ ಹೋಯಿತು. ಆ ಮಳೆಗಾಲ ಕಳೆಯುವಷ್ಟರಲ್ಲಿ ಲಕ್ಕಣ್ಣನವರು ಆಸ್ಪತ್ರೆ ಸೇರಿದರು. ಅಲ್ಲಿ ಹಾಲು ಬ್ರೆಡ್ಡು ಕೊಟ್ಟ ನರ್ಸಿಗೆ ಬ್ರೆಡ್ಡು ವಾಪಸು ಎಸೆದು, ನಾನೇನು ಕಾಯಿಲೆಯವನಾ ಎಂದು ಕೇಳಿದರಂತೆ. ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅದಾಗಿ ಕೆಲವೇ ದಿನಕ್ಕೆ ಹೋಗಿಬಿಟ್ಟರು.

ತಿಥಿಯ ದಿನ ಟೆರೇಸಿನ ಮೇಲೆ ಎಡೆ ಇಟ್ಟರು. ರಾಗಿಮುದ್ದೆ, ಮಟನ್ ಸಾರು, ಒಂದು ಕಟ್ಟು ಬೀಡಿ. ಕಾಗೆ ಬಂದು ಮುಟ್ಟಿದರೆ ಹಿರಿಯರು ಉಂಡ ಹಾಗೆ. ಮೊದಲೆಲ್ಲ ಹುಣಸೆಮರದ ತುಂಬ ಕಾಗೆಗಳಿದ್ದವು. ಮರವಿಲ್ಲದೆ ಅವು ಎತ್ತಲೋ ಹೊರಟುಹೋಗಿದ್ದವು. ಮಧ್ಯಾಹ್ನದವರೆಗೆ ಕಾದರೂ ಬಂದದ್ದು ಪಾರಿವಾಳ. ಪಾರಿವಾಳವನ್ನು ಅಪ್ಪನೆಂದು ಒಪ್ಪಲು ಯಾರೂ ತಯಾರಿರಲಿಲ್ಲ. ಆಗ ಅಂಜಿನಮ್ಮ ಎಲ್ಲರೆದುರಿಗೆ ಹೇಳಿದಳು: "ಮರ ಕಡಿದ್ ಮನೇಗೆ ಅಪ್ಪ ಬರಲ್ಲ. ಅಪ್ಪ ಉಣ್ಣದ್ ಮನೇಲಿ ನಾನೂ ಉಣ್ಣಲ್ಲ." ಹೇಳಿದವಳೇ ಕೈ ತೊಳೆಯದೆ, ಯಾಕೆಂದರೆ ಊಟವೇ ಮಾಡಿರಲಿಲ್ಲ, ಮೆಟ್ಟಿಲಿಳಿದು ಹೋದಳು. ಆಮೇಲೆ ಬಂದ ಒಂದೊಂದು ಹಿರಿಯರ ಹಬ್ಬದಲ್ಲೂ ಎಡೆ ಇಟ್ಟಿದ್ದಾಯಿತು, ಕಾಗೆ ಬರಲಿಲ್ಲ, ಅಂಜಿನಮ್ಮನೂ ಬರಲಿಲ್ಲ.

ಇನ್ನು ಮೊರಾಕ್ಕೋ ವಿಷಯ. ಮುನಿಕೃಷ್ಣಪ್ಪನವರ ಮೊದಲ ಮಹಡಿಗೆ ನಯನಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವಳು, ಹಕ್ಕಿ ನೋಡುವ ಹುಚ್ಚಿನವಳು. ಒಂದು ಬೆಳಿಗ್ಗೆ ಟೆರೇಸಿಗೆ ಬಂದಾಗ ಓನರು ದುರ್ಬೀನು ಹಿಡಿದು ಕಣ್ಣು ಮಿಟುಕಿಸದೆ ನಿಂತಿದ್ದನ್ನು ಕಂಡು ಅವಳಿಗೆ ಆನಂದವಾಯಿತು. ಅಂಕಲ್, ನೀವೂ ಬರ್ಡಿಂಗ್ ಮಾಡ್ತೀರಾ ಎಂದು ಕೇಳಿದಳು. ಆ ಹೊತ್ತಿಗೆ ದುರ್ಬೀನು ಕಸದ ಮೇಲಿದ್ದಿದ್ದರೆ ಕಸ ಎನ್ನಬಹುದಿತ್ತು. ಅದು ತಂಗಿಯ ಟೆರೇಸಿನ ಮೇಲಿತ್ತು. ಬರ್ಡಿಂಗ್ ಎಂದರೇನೆಂದು ತಿಳಿಯದಿದ್ದರೂ ಮುನಿಕೃಷ್ಣಪ್ಪನವರು ಅಪ್ಪನ ಮಗನಾಗಿ "ಹ್ಞೂಂ" ಎಂದರು.

ಅಲ್ಲಿಂದ ಶುರುವಾಯಿತು. ಭಾನುವಾರ ಅಟ್ಟೂರು ಕೆರೆ, ಮುಂದಿನ ಭಾನುವಾರ ಹೆಬ್ಬಾಳ ಕೆರೆ, ಜೊತೆಗೆ ನಯನಾಳ ಗುಂಪಿನವರು. ಮುನಿಕೃಷ್ಣಪ್ಪನವರಿಗೆ ಗೊತ್ತಿದ್ದದ್ದು ಬೆಳ್ಳಕ್ಕಿ, ನೀರುಕಾಗೆ, ಹದ್ದು, ಮತ್ತು ಬಿರಿಯಾನಿಗೆ ಬರುವ ಕೋಳಿ. ಆದರೆ ಆ ಗುಂಪಿನಲ್ಲಿ ಮಾತಾಡುವುದೇ ಅಪರಾಧ. ಸುಮ್ಮನಿದ್ದಷ್ಟೂ ಗೌರವ ಹೆಚ್ಚು. ಯಾರಾದರೂ ದೂರದ ಚುಕ್ಕೆಯೊಂದನ್ನು ತೋರಿಸಿ ಅದು ಇಂಥ ಹಕ್ಕಿಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಇವರು ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ, ಹ್ಞೂಂ ಎನ್ನುತ್ತಿದ್ದರು. ಅಂಕಲ್ ಹ್ಞೂಂ ಅಂದರು ಎಂದರೆ ಗುಂಪಿನಲ್ಲಿ ಅದಕ್ಕೆ ಮೇಲ್ಮನವಿ ಇರಲಿಲ್ಲ.

ಆ ಗುಂಪು ಆಫ್ರಿಕಾದ ಉತ್ತರಕ್ಕಿರುವ ಮೊರಾಕ್ಕೋಗೆ ಹಕ್ಕಿ ನೋಡಲು ಹೊರಟಿತು. ಕೊನೇ ಗಳಿಗೆಯಲ್ಲಿ ಒಬ್ಬರು ಕೈಕೊಟ್ಟರು. ನೀವು ಬರ್ತೀರಾ ಅಂಕಲ್ ಎಂದು ನಯನಾ ಕೇಳಿದಾಗ ಬಾಯಿಯಿಂದ ಏನು ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಹೆಂಡತಿ ಗಂಗರತ್ನಮ್ಮ ಯಶವಂತಪುರದ ಕಡೆಯವರು, ಎಲ್ಲವನ್ನೂ ನೇರ ಕೇಳುವವರು. ಹೆಬ್ಬಾಳದಲ್ಲಿ ಇಲ್ಲದಿರೋ ಹಕ್ಕಿ ಅಲ್ಲೇನಿದೆ, ಅದೂ ಪಿತೃಪಕ್ಷದಲ್ಲಿ ಊರು ಬಿಡೋದುಂಟಾ ಎಂದು ಕೇಳಿದರು. ಅಮಾವಾಸ್ಯೆ ಬೆಳಿಗ್ಗೆಗೆ ಬಂದುಬಿಡ್ತೀನಿ ಎಂದು ಮಾತು ಕೊಟ್ಟು, ರಸ್ತೆಯಲ್ಲಿ ಯಾರಿಗೂ ಹೇಳದೆ, ಹೊಸ ಕ್ಯಾನ್ವಾಸು ಶೂ ಹಾಕಿಕೊಂಡು ಮುನಿಕೃಷ್ಣಪ್ಪನವರು ವಿಮಾನ ಹತ್ತಿದರು.

ಅವರು ಹೋದ ಕೆಲವು ದಿನಕ್ಕೆ ಅಂಜಿನಮ್ಮ ಅವರ ಗೇಟಿನ ಮುಂದೆ ಬಂದು ನಿಂತಳು. ನಾನು ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವನು ಪೈಪು ಕಾಲ ಮೇಲೆ ಬಿಟ್ಟುಕೊಂಡೆ. ಅವಳು ಗೇಟು ದಾಟಲಿಲ್ಲ. ಗಂಗರತ್ನಮ್ಮ ಹೊರಗೆ ಬಂದರು.

"ಅತ್ಗೆ, ನಮ್ಮಣ್ಣ ಎಲ್ಲಿ? ಟೆರೇಸ್ ಮೇಲೆ ಕಾಣ್ತಾನೇ ಇಲ್ಲ."

ಅಂದರೆ, ಇತ್ತ ಅಣ್ಣ ದಿನಾ ಬೆಳಿಗ್ಗೆ ತಂಗಿಯನ್ನು ನೋಡುತ್ತಿದ್ದಾಗ ಅತ್ತ ತಂಗಿ ಬಿಸಿಲಿಗೆ ಹೊಳೆಯುವ ಅಣ್ಣನ ತಲೆ ನೋಡಿಕೊಂಡೇ ಸೀರೆ ಒಣಗಲು ಹಾಕುತ್ತಿದ್ದಳು. ಅದಕ್ಕೆ ಅವಳಿಗೆ ದುರ್ಬೀನಿನ ಅಗತ್ಯ ಬಿದ್ದಿರಲಿಲ್ಲ.

ಗಂಗರತ್ನಮ್ಮ ಇದ್ದದ್ದು ಇದ್ದ ಹಾಗೆ ಹೇಳಿದರು: ಮೊರಾಕ್ಕೋಗೆ ಹೋಗಿದ್ದಾರೆ, ಹಕ್ಕಿ ನೋಡೋಕೆ. ಸತ್ಯಕ್ಕೆ ಇಷ್ಟು ಕೆಟ್ಟ ಮುಖ ಇರಬಾರದಿತ್ತು. ಅಂಜಿನಮ್ಮನ ಕಣ್ಣಲ್ಲಿ ನೀರು ತುಂಬಿತು. ಗುಬ್ಬಿ ಕಾಗೆ ನೋಡೋಕೆ ಯಾರಾದರೂ ದೇಶ ಬಿಟ್ಟು ಹೋಗುತ್ತಾರಾ, ಯಾವ ಆಸ್ಪತ್ರೆಯಲ್ಲಿ ಇಟ್ಟಿದ್ದೀರಿ ಹೇಳಿ, ನಾನು ದೂರದಿಂದಲಾದರೂ ನೋಡಿ ಬರುತ್ತೇನೆ ಎಂದು ಅಂಗಲಾಚಿದಳು. ಫೋನು ಮಾಡಿ ತೋರಿಸೋಣವೆಂದರೆ ಮುನಿಕೃಷ್ಣಪ್ಪನವರು ಆಗ ಮರುಭೂಮಿಯಲ್ಲಿದ್ದರು, ಫೋನು ಹೋಗಲಿಲ್ಲ. ಫೋನು ಹೋಗದಿದ್ದುದೇ ಐಸಿಯುಗೆ ಸಾಕ್ಷಿಯಾಯಿತು.

ಸಂಜೆಯೊಳಗೆ ಸುದ್ದಿ ಅಟ್ಟೂರು ದಾಟಿತು. ನಮ್ಮ ಲೇಔಟಿನ ಸಂಘದ ಅಧ್ಯಕ್ಷ ಅನಂತರಾಜು ಹಣ್ಣಿನ ಬುಟ್ಟಿ ಹಿಡಿದು ಹೆಬ್ಬಾಳದ ಆಸ್ಪತ್ರೆಗಳನ್ನೆಲ್ಲ ಸುತ್ತಿ, ಎಲ್ಲೂ ರೋಗಿ ಸಿಗದೆ, ಬೇಜಾರಿನಲ್ಲಿ ಹಣ್ಣು ತಾನೇ ತಿಂದುಕೊಂಡು ವಾಪಸಾದ. ಅನಂತರಾಜುವಿಗೆ ಯಾವ ಭಾವನೆ ಬಂದರೂ ಅದು ಫ್ಲೆಕ್ಸ್ ಆಗಿಯೇ ಹೊರಬೀಳುವುದು. ಕಟ್ಟಬಾರದೆಂಬ ಕಾನೂನಿದ್ದರೂ ಮಾರನೇ ಬೆಳಿಗ್ಗೆ ಲೇಔಟಿನ ಬಾಗಿಲಲ್ಲಿ "ಶ್ರೀ ಮುನಿಕೃಷ್ಣಪ್ಪನವರು ಶೀಘ್ರ ಗುಣಮುಖರಾಗಲಿ" ಎಂಬ ಫ್ಲೆಕ್ಸ್ ಎದ್ದಿತು. ಅದರಲ್ಲಿ ರೋಗಿಯ ಫೋಟೋಗಿಂತ ಹಾರೈಸುವವರ ಫೋಟೋ ದೊಡ್ಡದಾಗಿದ್ದುದರಿಂದ ಅನಂತರಾಜುವಿನ ಮನೆಗೇ ಇಬ್ಬರು ಎಳನೀರು ತೆಗೆದುಕೊಂಡು ಹೋದರು.

ಅತ್ತ ರೋಗಿ ಕ್ಷೇಮವಾಗಿದ್ದರು. ಅಲ್ಲಿ ನಡೆದದ್ದನ್ನು ನಾನು ಅವರ ಬಾಯಿಂದ ಒಂದು ಸಲ, ನಯನಾಳ ಬಾಯಿಂದ ಒಂದು ಸಲ ಕೇಳಿದ್ದೇನೆ. ಎರಡಕ್ಕೂ ಹೊಂದುವಷ್ಟನ್ನೇ ಬರೆಯುತ್ತಿದ್ದೇನೆ. ಮರಾಕೇಶ್ ಎಂಬ ಊರಿನಲ್ಲಿ ಕೆಂಗಂದು ಬಣ್ಣದ ಗುಬ್ಬಿಯಂಥ ಹಕ್ಕಿ ಟೀ ಅಂಗಡಿಯೊಳಗೇ ಬಂದು, ಮೇಜು ಹತ್ತಿ, ಇವರ ತಟ್ಟೆಯ ಚೂರು ಹೆಕ್ಕಿಕೊಂಡು ಹೋಯಿತಂತೆ. ಯಾರೂ ಓಡಿಸಲಿಲ್ಲ. ಹಳೇ ಕೋಟೆ ಗೋಡೆಗಳ ಮೇಲೆ ಕೊಕ್ಕರೆಗಳು ಹೊರೆ ಹೊರೆ ಕಡ್ಡಿ ಪೇರಿಸಿ ಗೂಡು ಕಟ್ಟಿದ್ದವು. ಅದನ್ನೂ ಯಾರೂ ಕಿತ್ತಿರಲಿಲ್ಲ. ಮುನಿಕೃಷ್ಣಪ್ಪನವರು ಅಲ್ಲಿ ನಿಂತು ತಮ್ಮ ಕಾರು ಶೆಡ್ಡನ್ನು ನೆನೆದು ನಿಟ್ಟುಸಿರು ಬಿಟ್ಟರು. ಅದನ್ನು ಗುಂಪಿನವರು ಪಕ್ಷಿಪ್ರೇಮ ಎಂದುಕೊಂಡರು.

ಮರುಭೂಮಿಯಲ್ಲಿ ಮರಳಿನ ಬಣ್ಣದ ಹಕ್ಕಿಯೊಂದು ಮರಳಿನಲ್ಲಿ ಅಲುಗದೆ ಕೂತಿತ್ತಂತೆ. ಗುಂಪೆಲ್ಲ ಉಸಿರು ಬಿಗಿಹಿಡಿದು ನೋಡಿತು. ಇವರಿಗೆ ಮರಳೇ ಕಂಡಿತು. ಮರಳಿಗೇ ಹ್ಞೂಂ ಎಂದರು. ಗೈಡ್ ಬ್ರಾಹಿಂ ಎಂಬವನ ಜೊತೆ ಇವರು ಆರ್.ಟಿ. ನಗರದ ಅಂಗಡಿಗಳಲ್ಲಿ ಕಲಿತ ಉರ್ದುವಿನಲ್ಲಿ ಮಾತಾಡಿದರು, ಅವನು ಫ್ರೆಂಚಿನಲ್ಲಿ ಉತ್ತರ ಕೊಟ್ಟ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದುದರಿಂದ ಸ್ನೇಹ ಬೇಗ ಕುದುರಿತು.

ಕೊನೆಗೆ ಸಮುದ್ರದ ಕಡೆ ಹೋದರು. ಅಲ್ಲಿನ ಕಡಿದಾದ ಬಂಡೆಗಳ ಮೇಲೆ ಬೋಳುತಲೆ ಐಬಿಸ್ ಎಂಬ ಹಕ್ಕಿ ವಾಸವಂತೆ. ಪ್ರಪಂಚದಲ್ಲೇ ಅವು ಉಳಿದಿರುವುದು ಕೊಂಚ; ಅದನ್ನು ನೋಡಲೆಂದೇ ಇಷ್ಟು ದೂರ ಬಂದದ್ದು. ಬೆಳಗಿನಿಂದ ಕಾದರೂ ಒಂದೂ ಕಾಣಲಿಲ್ಲ. ಮುನಿಕೃಷ್ಣಪ್ಪನವರಿಗೆ ಒತ್ತಡ ಬೇರೆಯದಿತ್ತು. ಮರೆಗೆಂದು ಒಂದು ಪೊದೆಯ ಹಿಂದಕ್ಕೆ ಹೋದರು, ಕೆಲಸ ಮುಗಿಸಿ ತಿರುಗಿದರು, ನಿಂತಲ್ಲೇ ನಿಂತರು.

ಎದುರಿಗೆ ಕಲ್ಲಿನ ಮೇಲೆ ಲಕ್ಕಣ್ಣನವರು ಕೂತಿದ್ದರು. ಮುಂದೆ ನುಣ್ಣನೆ ಬೋಳು, ಕತ್ತಿನ ಹಿಂದೆ ಕೆದರಿದ ಗರಿ, ಕೆಳಕ್ಕೆ ಬಾಗಿದ ಉದ್ದ ಮೂಗು, ಮೈಗೆ ಕರಿ ಕಂಬಳಿ ಹೊದ್ದ ಹಾಗೆ ರೆಕ್ಕೆ. ಮಗನನ್ನು ಓರೆಗಣ್ಣಿನಲ್ಲಿ ನೋಡಿದ ರೀತಿಯೂ ಅದೇ. ಪಿತೃಪಕ್ಷ ಬೇರೆ. ಮುನಿಕೃಷ್ಣಪ್ಪನವರ ಎದೆ ತುಂಬಿ ಬಂತು. ಜೇಬಿನಲ್ಲಿ ಹೋಟೆಲಿನ ಬೆಳಗಿನ ತಿಂಡಿಯಲ್ಲಿ ಎತ್ತಿಟ್ಟುಕೊಂಡ ಬ್ರೆಡ್ಡಿನ ಚೂರಿತ್ತು. ಅದನ್ನು ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟು, ಹಿಂದೆ ಸರಿದು, ಫೋನು ಹಿಡಿದು ವಿಡಿಯೋ ಮಾಡಿದರು. ಗಾಳಿಯ ಸದ್ದಿನ ನಡುವೆ ಅವರ ದನಿ ಅದರಲ್ಲಿ ಇವತ್ತಿಗೂ ಕೇಳುತ್ತದೆ: "ಅಪ್ಪಾ, ಮರ ಕಡಿದಿದ್ದು ತಪ್ಪಾಯ್ತು. ಒಂದು ತುತ್ತು ತಿನ್ನು. ಅಂಜಿನಿ ಮನೇಗ್ ಬರ್ಲಿ."

ಹಕ್ಕಿ ಕಲ್ಲಿಳಿದು, ಗತ್ತಿನಿಂದ ನಾಲ್ಕು ಹೆಜ್ಜೆ ಬಂದು, ಬ್ರೆಡ್ಡಿನ ಕಡೆ ಬಾಗಿ ಏನನ್ನೋ ಕುಕ್ಕಿ ನುಂಗಿತು. ಅಷ್ಟರಲ್ಲಿ ಬ್ರಾಹಿಂ ಓಡಿ ಬಂದು ಬ್ರೆಡ್ಡು ಎತ್ತಿಕೊಂಡು ಫ್ರೆಂಚಿನಲ್ಲಿ ಬೈದ. ಇಂಥ ಹಕ್ಕಿಗೆ ಹೊರಗಿನ ಆಹಾರ ಕೊಡುವಂತಿಲ್ಲವಂತೆ. ಇವರ ಕಣ್ಣಲ್ಲಿ ನೀರು ನೋಡಿ ಅವನು ಬೈಯುವುದನ್ನು ಅರ್ಧಕ್ಕೇ ನಿಲ್ಲಿಸಿ ಹೆಗಲ ಮೇಲೆ ಕೈಯಿಟ್ಟನಂತೆ.

ವಿಡಿಯೋ ಅಟ್ಟೂರಿಗೆ ಬಂದಾಗ ಅಂಜಿನಮ್ಮ ಮತ್ತೆ ಗೇಟಿನ ಬಳಿಯೇ ಇದ್ದಳು. ಫೋನನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು, ಇನ್ನೊಮ್ಮೆ ನೋಡಿದಳು, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತಳು. ಅಣ್ಣ ಆಸ್ಪತ್ರೆಯಲ್ಲಿಲ್ಲ ಎಂಬುದು ಖಚಿತವಾಯಿತು. ಅಪ್ಪ ಮೊರಾಕ್ಕೋದಲ್ಲಿದ್ದಾನೆ ಎಂಬುದೂ ಖಚಿತವಾಯಿತು. ನಮ್ಮ ರಸ್ತೆಯವರೆಲ್ಲ ನೋಡಿದರು. ನಾನೂ ನೋಡಿದೆ, ಓದಿದವನಾದರೂ ಒಂದು ಗಳಿಗೆ ಕೈ ಮುಗಿಯುವಂತಾಯಿತು. ಬದುಕಿದ್ದಾಗ ಯಶವಂತಪುರದ ಮಾರ್ಕೆಟ್ಟಿನಿಂದ ಆಚೆಗೆ ಹೋಗದ ಲಕ್ಕಣ್ಣನವರು ಸತ್ತ ಮೇಲೆ ಅಷ್ಟು ದೂರ ಯಾಕೆ ಹೋದರು ಎಂದು ಚರ್ಚೆಯಾಯಿತು. ಇಲ್ಲಿ ಕೂರುವುದಕ್ಕೆ ಮರ ಎಲ್ಲಿ ಬಿಟ್ಟಿದ್ದೀರಿ ಎಂದು ಒಬ್ಬರು ಕೇಳಿದ ಮೇಲೆ ಚರ್ಚೆ ನಿಂತಿತು. ಅನಂತರಾಜು ಹಳೇ ಫ್ಲೆಕ್ಸ್ ಇಳಿಸಿ "ಪಕ್ಷಿ ರತ್ನ ಮುನಿಕೃಷ್ಣಪ್ಪನವರಿಗೆ ಸುಸ್ವಾಗತ" ಎಂಬುದನ್ನು ಏರಿಸಿದ.

ಅಂಜಿನಮ್ಮ ಮಾತ್ರ ಒಳಗೆ ಬರಲಿಲ್ಲ. "ಅಮಾಸೆ ದಿನ ಬರ್ತೀನಿ ಅತ್ಗೆ. ಅಪ್ಪ ತಿಂದ್ನೋ ಇಲ್ವೋ, ಅಣ್ಣನ್ನೇ ಕೇಳ್ಬೇಕು," ಎಂದು ಹೇಳಿ ಹೋದಳು.

ಇಲ್ಲಿ ಒಂದು ಸಣ್ಣ ತೊಡಕಿತ್ತು. ಹಕ್ಕಿ ಬ್ರೆಡ್ಡು ಮುಟ್ಟಿರಲಿಲ್ಲ. ಅದು ನುಂಗಿದ್ದು ಬ್ರೆಡ್ಡಿನ ಪಕ್ಕದಲ್ಲಿ ಹರಿದಾಡುತ್ತಿದ್ದ ಒಂದು ಹಲ್ಲಿಯನ್ನು. ವಿಡಿಯೋದಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ವಿಮಾನದಿಂದ ನೇರ ಬಂದ ಮುನಿಕೃಷ್ಣಪ್ಪನವರು ಹೆಂಡತಿಗೆ ನಿಜ ಹೇಳಿದರು, ಎದುರು ಮನೆಯವನಾದ ನನಗೂ ಹೇಳಿದರು. ಗಂಗರತ್ನಮ್ಮ ಬಾಗಿಲು ಹಾಕಿ ಪಾಠ ಶುರು ಮಾಡಿದರು: ಅವಳು ಕೇಳಿದಾಗ ಹ್ಞೂಂ ಅಂದುಬಿಡಿ, ಜನ್ಮವೆಲ್ಲ ಅಂದಿದ್ದೀರಿ, ಇದೊಂದು ಸಲ ಅನ್ನೋಕೇನು ಕಷ್ಟ. ಅನಂತರಾಜು ಬಂದು ಅದನ್ನೇ ಹೇಳಿದ. ನಾನೂ ಅದನ್ನೇ ಹೇಳಿದೆ. ನಯನಾ ಮಾತ್ರ, ನನ್ನ ಕೇಳಬೇಡಿ, ಕೇಳಿದರೆ ನನಗೆ ಸುಳ್ಳು ಹೇಳಲು ಬರೋಲ್ಲ ಎಂದು ಗೋಡೆ ಪಕ್ಕಕ್ಕೆ ಸರಿದು ನಿಂತಳು.

ಟೆರೇಸಿನ ಮೇಲೆ ಬಾಳೆ ಎಲೆಯಲ್ಲಿ ಎಡೆ ಬಡಿಸಿಟ್ಟಿದ್ದರು. ಮುದ್ದೆ, ಮಟನ್ ಸಾರು, ಬೀಡಿ ಕಟ್ಟು. ಜೊತೆಗೆ ಎರಡು ಚೂರು ಬ್ರೆಡ್ಡು. ಅಪ್ಪ ಅಲ್ಲಿ ತಿಂದದ್ದೇ ಇಲ್ಲೂ ಇದ್ದರೆ ಮಾತಿಗೆ ಬಲ ಬರುತ್ತದೆಂದು ಗಂಗರತ್ನಮ್ಮ ಬೆಳಿಗ್ಗೆಯೇ ಬೇಕರಿಯಿಂದ ತರಿಸಿದ್ದರು. ಅಂಜಿನಮ್ಮ ಹೊಸ ಸೀರೆ ಉಟ್ಟು ಬಂದಳು. ಮೆಟ್ಟಿಲು ಹತ್ತಿ ಮೇಲೆ ಬಂದು, ಅಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸೊರಗಿದ್ದೀಯ ಎಂದಳು. ಆಮೇಲೆ ಕೇಳಿದಳು.

"ಅಣ್ಣ, ನಿಜ ಏಳು. ಅಪ್ಪ ತಿಂದ್ನಾ?"

ಇಡೀ ರಸ್ತೆ ಆ ಒಂದು ಹ್ಞೂಂಗೆ ಕಾಯಿತು. ಗಂಗರತ್ನಮ್ಮ ಕಣ್ಣಲ್ಲೇ ಹ್ಞೂಂ ಎಂದರು. ಮುನಿಕೃಷ್ಣಪ್ಪನವರು ಬಾಯಿ ತೆರೆದರು. ಕೆರೆಯ ಮೇಲಿನ ಚುಕ್ಕೆಗಳಿಗೆಲ್ಲ, ಮರುಭೂಮಿಯ ಮರಳಿಗೂ ಬಂದ ಆ ಹ್ಞೂಂ ತಂಗಿಯ ಮುಖ ನೋಡಿದಾಗ ಬರಲಿಲ್ಲ.

"ಇಲ್ಲ ಕಣಮ್ಮ," ಎಂದರು. "ಬ್ರೆಡ್ಡು ಮುಟ್ಲಿಲ್ಲ. ಪಕ್ಕದಲ್ಲೊಂದ್ ಅಲ್ಲಿ ಇತ್ತು, ಗೋಡೆ ಮ್ಯಾಲ್ ಓಡಾಡ್ತದಲ್ಲ, ಅದು. ಅದನ್ನ ತಿಂತು. ನಿನ್ ಮುಂದೆ ಸುಳ್ಳಾಡಕ್ಕೆ ಆಗ್ತಿಲ್ಲ."

ಗಂಗರತ್ನಮ್ಮ ಹಣೆ ಚಚ್ಚಿಕೊಂಡರು. ನಯನಾ ಕಣ್ಣು ಮುಚ್ಚಿಕೊಂಡಳು. ಅಂಜಿನಮ್ಮ ಎಲೆಯ ಕಡೆ ನೋಡಿದಳು, ಬ್ರೆಡ್ಡನ್ನು ನೋಡಿದಳು. ಆಮೇಲೆ ಅವಳ ಮುಖ ಸಡಿಲವಾಯಿತು.

"ಬ್ರೆಡ್ಡು ಬಿಟ್ಟು ಮಾಂಸ ತಿಂದ್ನಾ?" ಎಂದಳು. "ಅಂಗಾದ್ರೆ ಅಪ್ಪಾನೇ. ಅಪ್ಪ ಯಾವತ್ ಬ್ರೆಡ್ಡು ಮುಟ್ಟಿದ್ದ? ತಿಂದಿದ್ರೇನೇ ನಂಗೆ ಅನುಮಾನ ಬರ್ತಿತ್ತು."

ಅವಳು ಬಗ್ಗಿ ಎಡೆಯಿಂದ ಬ್ರೆಡ್ಡಿನ ಚೂರುಗಳನ್ನು ತೆಗೆದು ಪಾರಿವಾಳಗಳ ಕಡೆ ಎಸೆದಳು. ಅಪ್ಪನ ಕೈ ಹಾಗೆಯೇ ಬೀಸುತ್ತಿತ್ತು ಎಂದು ಮುನಿಕೃಷ್ಣಪ್ಪನವರು ಆಮೇಲೆ ನನಗೆ ಹೇಳಿದರು. ಅಂಜಿನಮ್ಮ ಕೆಳಗಿಳಿದು ಹೋಗಿ, ಅಡುಗೆಮನೆಯ ಮುಂದೆ ಚಕ್ಕಲಮಕ್ಕಲ ಹಾಕಿ ಕೂತು, ನಂಗೂ ಬಡ್ಸಿ ಅತ್ಗೆ ಎಂದಳು. ಗಂಗರತ್ನಮ್ಮ ಅವಸರದಲ್ಲಿ ಮುದ್ದೆ ಇಡುವಾಗ ಸಾರು ಎಲ್ಲ ಕಡೆ ಚೆಲ್ಲಿತು. ಅಣ್ಣ ಎದುರಿಗೆ ಕೂತು ತಾನು ಉಣ್ಣದೆ ತಂಗಿ ಉಣ್ಣುವುದನ್ನೇ ನೋಡಿದರು. ನಾವೆಲ್ಲ ಹೊರಗಿನ ವರಾಂಡದಲ್ಲಿ ಕೂತು ಎರಡೆರಡು ಸಲ ಬಡಿಸಿಕೊಂಡೆವು. ಸಂಜೆ ಟೆರೇಸಿಗೆ ಹೋಗಿ ನೋಡಿದರೆ ಎಲೆಯಲ್ಲಿ ಮಟನ್ ಚೂರೊಂದೂ ಇರಲಿಲ್ಲ. ಕಾಗೆಯೋ, ಪಕ್ಕದ ಮನೆಯ ಬೆಕ್ಕೋ ಎಂದು ನಯನಾಳನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲು ಮುಂದಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಬೇರೆ ಕಡೆ ನೋಡಲು ಹೋಗಿ, ಇನ್ನು ಆ ಕಷ್ಟ ಬೇಡವಲ್ಲ ಎಂದುಕೊಂಡು ಎದುರು ಟೆರೇಸನ್ನೇ ನೋಡಿದೆ. ಮುನಿಕೃಷ್ಣಪ್ಪನವರು ಬನಿಯನ್ನು, ಪಂಚೆಯಲ್ಲಿ ದುರ್ಬೀನು ಹಿಡಿದು ನಿಂತಿದ್ದರು. ಹಸಿರು ಮನೆಯ ಟೆರೇಸು ಖಾಲಿ ಇತ್ತು. ಹಗ್ಗದ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಅವರು ದುರ್ಬೀನನ್ನು ತಿರುವಿದರು, ಒರೆಸಿದರು, ಗೋಡೆಯ ಅಂಚಿಗೆ ಹೋಗಿ ಬಗ್ಗಿ ನೋಡಿದರು. ಗಾಬರಿ ನನ್ನವರೆಗೂ ಕಾಣುತ್ತಿತ್ತು.

ರಾತ್ರಿ ಅಣ್ಣನ ಮನೆಯಲ್ಲೇ ಉಳಿದುಕೊಂಡಿದ್ದ ಅಂಜಿನಮ್ಮ ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದು ಅವರ ಬೆನ್ನ ಹಿಂದೆ ನಿಂತಿದ್ದಳು.

"ಅತ್ಲಾಗೇನ್ ನೋಡ್ತೀಯ, ಇಲ್ಲೇ ಇವ್ನಿ," ಎಂದಳು. "ಕಾಫಿ ಆರೋಗ್ತದೆ, ಕುಡಿ."